ಮೊದಲು ನುಡಿ, ಆಮೇಲೆ ಮ್ಯಾಕ್ರೊ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10, ಆಫೀಸ್ 2016 ಮತ್ತು ಆಫೀಸ್ 2019ರ ಮಾಮೂಲಿ ಬೆಂಬಲವನ್ನು ಒಟ್ಟಿಗೇ ನಿಲ್ಲಿಸಿತು. ಅವೇನೂ ಅಂದೇ ಬಂದ್ ಆಗಲಿಲ್ಲ. ಇವತ್ತಿಗೂ ಆನ್ ಮಾಡಿದರೆ ಆನ್ ಆಗುತ್ತವೆ. ಆದರೆ ಜಮಖಂಡಿಯ ಕೋರ್ಟಿನ ಆಸುಪಾಸಿನ ಟೈಪಿಂಗ್ ಅಂಗಡಿಗಳಲ್ಲಿ, ಮುಧೋಳದ ಪತ್ತಿನ ಸಂಘಗಳಲ್ಲಿ, ರಬಕವಿ-ಬನಹಟ್ಟಿಯ ಸೀರೆ ಮಾಲೀಕರ ಲೆಕ್ಕದ ಮೇಜಿನ ಮೇಲೆ ಈ ವಯಸ್ಸಿನ ಕಂಪ್ಯೂಟರುಗಳಿಗೆ ಬರವಿಲ್ಲ. ಭದ್ರತೆಯ ತಿದ್ದುಪಡಿ ಬಾರದ ಯಂತ್ರದಲ್ಲಿ ಜನರ ಆಧಾರ್ ನಂಬರು, ಬ್ಯಾಂಕ್ ಖಾತೆ ಇಟ್ಟುಕೊಂಡು ಕೂರುವುದು ಒಳ್ಳೆಯದಲ್ಲ. ವರ್ಷವರ್ಷ ಚಂದಾ ಕಟ್ಟುವ ಹೊಸ ಆಫೀಸ್ ಕೊಳ್ಳೋಣವೆಂದರೆ ಅದು ಸಣ್ಣ ಅಂಗಡಿಗೆ ಭಾರ. ಹಾಗಾಗಿ ಹಲವರು ಲಿಬ್ರೆಆಫೀಸ್ ಕಡೆ ನೋಡುತ್ತಿದ್ದಾರೆ. 2010ರ ಸೆಪ್ಟೆಂಬರ್‌ನಲ್ಲಿ ಓಪನ್‌ಆಫೀಸ್‌ನಿಂದ ಸಿಡಿದು ಹುಟ್ಟಿದ ಇದನ್ನು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ದುಡ್ಡಿಲ್ಲ, ಚಂದಾ ಇಲ್ಲ, ಕಳ್ಳ ಕಾಪಿಯ ಭಯವೂ ಇಲ್ಲ. ಹಳೆಯ ಓಪನ್‌ಆಫೀಸ್ ಹೆಸರಿನದೇ ಈಗಲೂ ಸಿಗುತ್ತದೆ, ಆದರೆ ಅದರ ಬೆಳವಣಿಗೆ ಬಹುತೇಕ ನಿಂತಿದೆ. ಹಾಕಿಸುವುದಾದರೆ ಲಿಬ್ರೆಆಫೀಸನ್ನೇ ಹಾಕಿಸಿ.

ಹಾಕಿಸಿದ ಮೊದಲ ದಿನ ಎಲ್ಲರಿಗೂ ಖುಷಿ. ವರ್ಡ್ ಕಡತ ತೆರೆಯುತ್ತದೆ, ಎಕ್ಸೆಲ್ ಹಾಳೆ ತೆರೆಯುತ್ತದೆ, ಮೊತ್ತ ಸರಿಯಾಗಿದೆ. ಎರಡನೆಯ ದಿನ ಯಾರೋ ಒಬ್ಬರು ‘ಬಿಲ್ ತಯಾರಿಸು’ ಎಂಬ ಗುಂಡಿ ಒತ್ತುತ್ತಾರೆ. ಏನೂ ಆಗುವುದಿಲ್ಲ. ಆ ಗುಂಡಿಯ ಹಿಂದೆ ಇರುವುದೇ ಮ್ಯಾಕ್ರೊ. ಪದೇಪದೇ ಮಾಡುವ ಕೆಲಸವನ್ನು ಸಾಲುಸಾಲಾಗಿ ಬರೆದಿಟ್ಟ ಸಣ್ಣ ಪ್ರೋಗ್ರಾಂ ಅದು. ಮೈಕ್ರೋಸಾಫ್ಟ್‌ನಲ್ಲಿ ಅದನ್ನು ಬರೆಯುವ ಭಾಷೆ ವಿಬಿಎ; ಎಕ್ಸೆಲ್‌ಗೆ ಅದು ಬಂದದ್ದು 1993ರಲ್ಲಿ. ಲಿಬ್ರೆಆಫೀಸ್‌ನದು ತನ್ನದೇ ಬೇಸಿಕ್. ಎರಡೂ ದಾಯಾದಿಗಳು: ವ್ಯಾಕರಣ ಬಹುತೇಕ ಒಂದೇ, ಆದರೆ ಹಾಳೆಯನ್ನೂ ಸೆಲ್ಲನ್ನೂ ಕರೆಯುವ ಹೆಸರುಗಳು ಬೇರೆ.

ಈ ವಿಷಯದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಕೋಡ್ ಬದಲಿಸುವುದರಿಂದಲೇ ಶುರುವಾಗುತ್ತವೆ. ನಮ್ಮ ಕಡೆಯ ಆಫೀಸುಗಳಿಗೆ ಆ ಕ್ರಮ ಹೊಂದದು. ನಮ್ಮ ಮ್ಯಾಕ್ರೊಗಳ ಕೆಳಗೆ ಇರುವ ಅಕ್ಷರಗಳೇ ಹಳೆಯ ಪದ್ಧತಿಯವು. ಅವನ್ನು ಸರಿಮಾಡದೆ ಕೋಡ್ ಮುಟ್ಟಿದರೆ ಒಂದೇ ಕೆಲಸವನ್ನು ಎರಡು ಸಲ ಮಾಡಬೇಕಾಗುತ್ತದೆ.

ಫಾರ್ಮ್ಯಾಟ್ ಮಾಡಿಸುವ ಮುನ್ನ

ಕಂಪ್ಯೂಟರ್ ರಿಪೇರಿಯವರಿಗೆ ಯಂತ್ರ ಕೊಡುವ ಮೊದಲು ಮ್ಯಾಕ್ರೊಗಳು ಎಲ್ಲೆಲ್ಲಿ ಕೂತಿವೆ ಎಂದು ಹುಡುಕಿ. 2007ರ ನಂತರದ ಕಡತಗಳಲ್ಲಿ ಇದು ಸುಲಭ. ಹೆಸರಿನ ಕೊನೆಗೆ ಎಕ್ಸ್‌ಎಲ್‌ಎಸ್‌ಎಂ, ಡಿಒಸಿಎಂ ಎಂದು ‘ಎಂ’ ಇದ್ದರೆ ಒಳಗೆ ಮ್ಯಾಕ್ರೊ ಇರಬಹುದು. ‘ಎಕ್ಸ್’ನಲ್ಲಿ ಮುಗಿಯುವ ಡಿಒಸಿಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ಕಡತದಲ್ಲಿ ಮ್ಯಾಕ್ರೊ ಇರಲು ಸಾಧ್ಯವೇ ಇಲ್ಲ. ಅದಕ್ಕೂ ಹಳೆಯ ಡಿಒಸಿ, ಎಕ್ಸ್‌ಎಲ್‌ಎಸ್ ಕಡತಗಳನ್ನು ಹೊರಗಿನಿಂದ ನೋಡಿ ಹೇಳಲಾಗದು, ತೆರೆದು ಆಲ್ಟ್ ಮತ್ತು ಎಫ್11 ಒತ್ತಿ ನೋಡಬೇಕು.

ಬಹಳ ಮಂದಿ ಎಡವುವುದು ಬೇರೆ ಕಡೆ. ವರ್ಡ್‌ನಲ್ಲಿ ಎಲ್ಲ ಕಡತಗಳಿಗೂ ಸಿಗುವ ಮ್ಯಾಕ್ರೊ ಯಾವ ಕಡತದಲ್ಲೂ ಇರುವುದಿಲ್ಲ. ಅದು ನಾರ್ಮಲ್ ಡಾಟ್ ಡಿಒಟಿಎಂ ಎಂಬ ಟೆಂಪ್ಲೇಟಿನಲ್ಲಿ, ಬಳಕೆದಾರನ ಆ್ಯಪ್‌ಡೇಟಾ ಎಂಬ ಅಡಗಿದ ಫೋಲ್ಡರಿನೊಳಗೆ ಇರುತ್ತದೆ. ಎಕ್ಸೆಲ್‌ನದು ಪರ್ಸನಲ್ ಎಂಬ ಹೆಸರಿನ ಎಕ್ಸ್‌ಎಲ್‌ಎಸ್‌ಬಿ ಕಡತದಲ್ಲಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಡಿಸ್ಕ್ ಅಳಿಸಿದರೆ ವರ್ಷಗಟ್ಟಲೆ ಬಳಸಿದ ಮ್ಯಾಕ್ರೊ ಹೋದಂತೆಯೇ. ವಿಬಿಎ ಕಿಟಕಿಯಲ್ಲಿ ಒಂದೊಂದು ಮಾಡ್ಯೂಲ್ ಮೇಲೂ ಬಲಗುಂಡಿ ಒತ್ತಿ ಎಕ್ಸ್‌ಪೋರ್ಟ್ ಮಾಡಿದರೆ ಬಿಎಎಸ್ ಎಂಬ ಕೊನೆಯಿರುವ ಸಾದಾ ಪಠ್ಯ ಕಡತವಾಗಿ ಕೋಡ್ ಕೈಗೆ ಬರುತ್ತದೆ. ನೋಟ್‌ಪ್ಯಾಡಿನಲ್ಲೂ ಓದಬಹುದು. ಕೋಡಿಗೆ ಪಾಸ್‌ವರ್ಡ್ ಹಾಕಿ ಬೀಗ ಜಡಿದವರು ಕೆಲಸ ಬಿಟ್ಟು ಹೋಗಿದ್ದರೆ, ಹಳೆಯ ಆಫೀಸ್ ಇನ್ನೂ ಓಡುತ್ತಿರುವಾಗಲೇ ಅವರಿಗೆ ಫೋನ್ ಮಾಡಿ.

ಅರ್ಧಕ್ಕರ್ಧ ಸಾಗಿಸುವುದೇ ಬೇಡ

ಪಟ್ಟಿ ಕೈಗೆ ಬಂದ ಮೇಲೆ ಪ್ರತಿಯೊಂದರ ಎದುರೂ ಅದು ಮಾಡುವ ಕೆಲಸವನ್ನು ಒಂದು ಸಾಲಿನಲ್ಲಿ ಬರೆಯಿರಿ. ಕೋಡ್ ಅರ್ಥವಾಗದಿದ್ದರೂ ಪರವಾಗಿಲ್ಲ, ಗುಂಡಿ ಒತ್ತಿದಾಗ ಏನಾಗುತ್ತದೆ ಎಂದು ಬರೆದರೆ ಸಾಕು. ಆ ಪಟ್ಟಿ ನೋಡಿದಾಗ ಎಷ್ಟೋ ಮ್ಯಾಕ್ರೊಗಳು ಮ್ಯಾಕ್ರೊ ಆಗಬೇಕಾಗಿಯೇ ಇರಲಿಲ್ಲ ಎಂದು ಗೊತ್ತಾಗುತ್ತದೆ.

ಟೈಪಿಂಗ್ ಅಂಗಡಿಯನ್ನೇ ನೋಡಿ. ಕರಾರು ಪತ್ರ, ಖರೀದಿ ಪತ್ರ, ವಾಟ್ನಿ ಪತ್ರಗಳಲ್ಲಿ ಪದೇಪದೇ ಬರುವ ಉದ್ದದ ಒಕ್ಕಣೆಗಳಿಗಾಗಿ ಯಾರೋ ಮ್ಯಾಕ್ರೊ ಬರೆದಿರುತ್ತಾರೆ. ಲಿಬ್ರೆಆಫೀಸ್ ರೈಟರ್‌ನಲ್ಲಿ ಅದಕ್ಕೆ ಆಟೋಟೆಕ್ಸ್ಟ್ ಇದೆ. ಒಕ್ಕಣೆಯನ್ನು ಆಯ್ದುಕೊಂಡು ಕಂಟ್ರೋಲ್ ಮತ್ತು ಎಫ್3 ಒತ್ತಿ, ಎರಡು-ಮೂರು ಅಕ್ಷರದ ಗುರುತು ಕೊಟ್ಟು ಉಳಿಸಿಕೊಳ್ಳಬೇಕು. ಆಮೇಲೆ ಆ ಗುರುತು ಟೈಪಿಸಿ ಎಫ್3 ಒತ್ತಿದರೆ ಇಡೀ ಪ್ಯಾರಾ ಬಂದು ಕೂರುತ್ತದೆ. ಇನ್ನು ಕೆಲವರು ಬರೆದುಕೊಂಡೋರು, ಬರೆದುಕೊಟ್ಟೋರು, ಸರ್ವೆ ನಂಬರು, ಚಕ್ಕುಬಂದಿ ಎಲ್ಲವನ್ನೂ ಒಂದು ಕಿಟಕಿಯಲ್ಲಿ ಕೇಳಿ ಪತ್ರದ ಹತ್ತಾರು ಕಡೆ ತುಂಬುವ ಮ್ಯಾಕ್ರೊ ಇಟ್ಟಿರುತ್ತಾರೆ. ಇದಕ್ಕೂ ಕೋಡ್ ಬೇಡ. ಇನ್ಸರ್ಟ್ ಮೆನುವಿನ ಫೀಲ್ಡ್, ಅಲ್ಲಿಂದ ಮೋರ್ ಫೀಲ್ಡ್ಸ್, ಅದರ ವೇರಿಯೆಬಲ್ಸ್ ಪುಟದಲ್ಲಿ ಯೂಸರ್ ಫೀಲ್ಡ್ ಎಂದಿದೆ. ಬರೆದುಕೊಂಡವರ ಹೆಸರನ್ನು ಒಮ್ಮೆ ಅಲ್ಲಿ ಕೊಟ್ಟು ಬೇಕಾದ ಕಡೆಯೆಲ್ಲ ಸೇರಿಸಿದರೆ, ಮುಂದಿನ ಗಿರಾಕಿ ಬಂದಾಗ ಒಂದು ಕಡೆ ಬದಲಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ.

ಎಕ್ಸೆಲ್ ಹಾಳೆಯಲ್ಲಿ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೆಸರು ಹುಡುಕಿ ತರುವ, ಇಮ್ಮಡಿಯಾದ ಹೆಸರು ತೆಗೆಯುವ, ವಿಂಗಡಿಸುವ ಮ್ಯಾಕ್ರೊಗಳನ್ನೂ ಬಿಡಬಹುದು. 2024ರ ಆಗಸ್ಟ್‌ನಲ್ಲಿ ಬಂದ 24.8ನೇ ಆವೃತ್ತಿಯಿಂದ ಎಕ್ಸ್‌ಲುಕಪ್, ಫಿಲ್ಟರ್, ಸಾರ್ಟ್, ಯೂನಿಕ್ ಸೂತ್ರಗಳು ಲಿಬ್ರೆಆಫೀಸ್‌ನಲ್ಲೇ ಇವೆ. ಸೂತ್ರದಲ್ಲಿ ಆಗುವ ಕೆಲಸಕ್ಕೆ ಕೋಡ್ ಇಟ್ಟುಕೊಳ್ಳಬೇಡಿ. ಸೂತ್ರವನ್ನು ಮುಂದೆ ಬರುವ ಗುಮಾಸ್ತರೂ ತಿದ್ದಬಲ್ಲರು. ಕೋಡಿಗೆ ಮತ್ತೆ ಯಾರನ್ನಾದರೂ ಹುಡುಕಬೇಕು.

ಸಾಗಿಸುವ ಹೊರೆಯನ್ನು ಹೀಗೆ ಇಳಿಸಿಕೊಂಡವರು ಬೇರೆಡೆಯೂ ಇದ್ದಾರೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2000ದ ದಶಕದಲ್ಲಿ ಲಿನಕ್ಸ್ ಮತ್ತು ಓಪನ್‌ಆಫೀಸ್‌ಗೆ ಹೊರಟಾಗ ಅವರ ಇಲಾಖೆಗಳಲ್ಲಿ ಸಾವಿರಾರು ಟೆಂಪ್ಲೇಟು, ಮ್ಯಾಕ್ರೊಗಳು ಸಿಕ್ಕವು. ಒಂದೊಂದನ್ನೇ ಸಾಗಿಸುವ ಬದಲು ವೋಲ್‌ಮಕ್ಸ್ ಎಂಬ ಒಂದೇ ಉಪಕರಣ ಕಟ್ಟಿ, ಪತ್ರದ ತಲೆಬರಹ, ನಮೂನೆ ತುಂಬುವ ಕೆಲಸಗಳನ್ನೆಲ್ಲ ಅದರೊಳಗೆ ತಂದರು. 2017ರಲ್ಲಿ ಆ ನಗರ ಮತ್ತೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು, ಅದು ಬೇರೆಯೇ ರಾಜಕೀಯ. 2024ರಲ್ಲಿ ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಕಂಪ್ಯೂಟರುಗಳನ್ನು ಲಿಬ್ರೆಆಫೀಸ್‌ಗೆ ಒಯ್ಯುವುದಾಗಿ ಸಾರಿತು. ನಮಗೆ ಹತ್ತಿರದ ಉದಾಹರಣೆ ಕಾಸರಗೋಡಿನದು. ಕೇರಳದ ಸರ್ಕಾರಿ ಶಾಲೆಗಳಲ್ಲಿ, ಮೊದಲು ಐಟಿ ಅಟ್ ಸ್ಕೂಲ್, 2017ರಿಂದ ಕೈಟ್ ಎಂಬ ಹೆಸರಿನಲ್ಲಿ, ಮುಕ್ತ ತಂತ್ರಾಂಶವೇ ನಡೆಯುತ್ತದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಲಿಬ್ರೆಆಫೀಸ್‌ನಲ್ಲೇ ಕಲಿತವರು. ಅವರಿಗೆ ಸಾಗಿಸಬೇಕಾದ ಹಳೆಯ ಮೂಟೆಯೇ ಇರಲಿಲ್ಲ. ನಮಗಿದೆ, ಅದರಲ್ಲೂ ತೀರ ಭಾರದ್ದು ಕೋಡಿನ ಮೂಟೆಯಲ್ಲ.

ಪರದೆಯ ಹಿಂದಿನ ಅಕ್ಷರ

ಆಲಮಟ್ಟಿ ಹಿನ್ನೀರಿಗೆ ಜಮೀನು ಹೋದ ಬೀಳಗಿ ತಾಲ್ಲೂಕಿನ ಹಳ್ಳಿಗಳ ಪಟ್ಟಿಯಾಗಲಿ, ಸಹಕಾರ ಸಂಘದ ಸದಸ್ಯರ ಪಟ್ಟಿಯಾಗಲಿ, ಹತ್ತು-ಹದಿನೈದು ವರ್ಷದ ಹಿಂದಿನ ಕನ್ನಡ ಕಡತವೆಂದರೆ ಬಹುಮಟ್ಟಿಗೆ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದದ್ದು. ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಯಂತ್ರದಲ್ಲಿ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳು. ‘ಕನ್ನಡ’ ಎಂಬ ಪದವನ್ನು ನುಡಿ ಫಾಂಟಿನಲ್ಲಿ ಟೈಪಿಸಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಎ ಕಾಣುತ್ತವೆ. ನಿಮ್ಮ ಮ್ಯಾಕ್ರೊ ‘ಕನ್ನಡ’ವನ್ನು ಹುಡುಕುತ್ತಿದ್ದೇನೆ ಎಂದುಕೊಂಡಾಗಲೆಲ್ಲ ಹುಡುಕುತ್ತಿದ್ದದ್ದು ಈ ಏಳು ಚಿಹ್ನೆಗಳನ್ನು.

ಇದರಿಂದಾಗುವ ತೊಂದರೆ ಒಂದೆರಡಲ್ಲ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುವ ಆಟೋಕರೆಕ್ಟ್ ಲಿಬ್ರೆಆಫೀಸ್‌ನಲ್ಲೂ ಮೊದಲಿನಿಂದಲೇ ಚಾಲೂ ಇರುತ್ತದೆ. ಸಣ್ಣ ಕ್ಯೂ ದೊಡ್ಡ ಕ್ಯೂ ಆದರೆ ನುಡಿಯಲ್ಲಿ ಅದು ಬೇರೆ ಅಕ್ಷರವೇ ಆಗಿ ಕೂರುತ್ತದೆ. ಹೊಸ ತಂತ್ರಾಂಶ ಕನ್ನಡ ಕೆಡಿಸುತ್ತದೆ ಎಂದು ದೂರುವವರು ಟೂಲ್ಸ್ ಮೆನುವಿನ ಆಟೋಕರೆಕ್ಟ್ ಆಪ್ಶನ್ಸ್‌ಗೆ ಹೋಗಿ ಅವೆರಡನ್ನು ತೆಗೆದು ನೋಡಲಿ. ಆದರೆ ಅದು ತಾತ್ಕಾಲಿಕ ಉಪಾಯ. ಸರಿಯಾದ ದಾರಿ, ಕನ್ನಡದ ಒಂದೊಂದು ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಯುನಿಕೋಡ್‌ಗೆ ಪರಿವರ್ತನೆ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲೂ ಬರಹದಲ್ಲೂ ಪರಿವರ್ತಕ ಇದೆ, ‘ಸಂಚಯ’ ಬಳಗದವರದೂ ಇದೆ.

ಪರಿವರ್ತಿಸುವಾಗ ಇಡೀ ಹಾಳೆಯನ್ನು ಒಮ್ಮೆಗೇ ಹಾಕಬೇಡಿ. ಪರಿವರ್ತಕಕ್ಕೆ ಇಂಗ್ಲಿಷ್ ಪಿ ಮತ್ತು ನುಡಿಯ ಪಿ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಇರುವ ಅಂಕಣವೂ ಅದರೊಳಗೆ ಹೋದರೆ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ಅಂಕಣ ಅಂಕಣವಾಗಿ, ನುಡಿ ಫಾಂಟ್ ಇರುವುದನ್ನಷ್ಟೇ ಹಾಕಿ. ಅಂಕಿಗಳ ಮೇಲೂ ಕಣ್ಣಿಡಿ. ನುಡಿ ಫಾಂಟಿನ ಹೆಸರಿನ ಕೊನೆಯ ‘ಇ’ ಇಂಗ್ಲಿಷ್ ಅಂಕಿಯನ್ನೂ ‘ಕೆ’ ಕನ್ನಡ ಅಂಕಿಯನ್ನೂ ತೋರಿಸುತ್ತದೆ, ಒಳಗೆ ಇರುವುದು ಮಾತ್ರ ಎರಡರಲ್ಲೂ 1, 2, 3 ಎಂಬ ಅಂಕಿಯೇ. ಪರಿವರ್ತನೆಯಲ್ಲಿ ಅದು ನಿಜವಾದ ಕನ್ನಡ ಅಂಕಿಯಾಗಿಬಿಟ್ಟರೆ ಮ್ಯಾಕ್ರೊದ ಪಾಲಿಗೆ ಅದು ಸಂಖ್ಯೆಯಲ್ಲ, ಬರೀ ಅಕ್ಷರ. ಮೊತ್ತ ಸೊನ್ನೆ ಬರುತ್ತದೆ. ಪರಿವರ್ತಕದಲ್ಲಿ ಅಂಕಿಗಳನ್ನು ಹಾಗೇ ಬಿಡುವ ಆಯ್ಕೆ ಇದ್ದರೆ ಅದನ್ನೇ ಆರಿಸಿ.

ಯುನಿಕೋಡ್ ಆದ ಮೇಲೂ ಅಕ್ಷರ ಎಣಿಸುವ ಮ್ಯಾಕ್ರೊಗಳನ್ನು ಮತ್ತೆ ನೋಡಲೇಬೇಕು. ಊರಿನ ಹೆಸರಿನ ಮೊದಲ ನಾಲ್ಕು ಅಕ್ಷರ ತೆಗೆದುಕೊಂಡು ಖಾತೆ ನಂಬರು ಕಟ್ಟುವ ಪದ್ಧತಿ ಇದೆ ಎಂದುಕೊಳ್ಳಿ. ‘ಬನಹಟ್ಟಿ’ ಕಣ್ಣಿಗೆ ನಾಲ್ಕೇ ಅಕ್ಷರ. ಯಂತ್ರದ ಎಣಿಕೆಯಲ್ಲಿ ಅದು ಏಳು: ಬ, ನ, ಹ, ಟ, ಅರ್ಧಾಕ್ಷರದ ಗುರುತು, ಮತ್ತೊಂದು ಟ, ಗುಡಿಸು. ನಾಲ್ಕನ್ನು ಕತ್ತರಿಸಿದರೆ ‘ಬನಹಟ’ ಸಿಗುತ್ತದೆ, ಐದಕ್ಕೆ ‘ಬನಹಟ್’. ‘ಮುಧೋಳ’ ಕಣ್ಣಿಗೆ ಮೂರು, ಯಂತ್ರಕ್ಕೆ ಐದು. ನುಡಿಯ ಹಳೆಯ ಸಂಕೇತದಲ್ಲಿ ಈ ಎಣಿಕೆ ಮತ್ತೂ ಬೇರೆ ಇತ್ತು, ಹಾಗಾಗಿ ಹಳೆಯ ಕೋಡಿನಲ್ಲಿ ಎಷ್ಟು ಕತ್ತರಿಸಬೇಕೆಂದು ಹೇಳುವ 6, 9ರಂಥ ಸಂಖ್ಯೆಗಳಿಗೆ ಈಗ ಅರ್ಥವಿಲ್ಲ. ಹೆಸರು ಕತ್ತರಿಸುವುದನ್ನೇ ಕೈಬಿಟ್ಟು ಊರಿಗೊಂದು ಸಂಖ್ಯೆ ಕೊಡುವುದು ಜಾಣತನ.

ಇನ್ನೊಂದು ಸೂಕ್ಷ್ಮವಿದೆ. ‘ಕೊ’ ಎಂಬ ಅಕ್ಷರವನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಒ-ಸ್ವರಚಿಹ್ನೆ ಹಾಕಿ, ಇಲ್ಲವೇ ಎ-ಚಿಹ್ನೆಯ ಮುಂದೆ ಊ-ಚಿಹ್ನೆ ಇಟ್ಟು. ಪರದೆಯ ಮೇಲೆ ಎರಡೂ ಒಂದೇ ಥರ. ಮ್ಯಾಕ್ರೊ ಹೋಲಿಸಿದಾಗ ಮಾತ್ರ ಎರಡೂ ಬೇರೆ. ಕಣ್ಣಿಗೆ ಸರಿಯಾಗಿಯೇ ಕಾಣುವ ಹೆಸರು ಪಟ್ಟಿಯಲ್ಲಿ ಸಿಗುತ್ತಿಲ್ಲವೆಂದರೆ ಮೊದಲ ಅನುಮಾನ ಇದರ ಮೇಲಿರಲಿ. ಎರಡನೆಯದು, ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕ ಅಕ್ಷರಗಳ ಮೇಲೆ. ಅನುಮಾನ ಬಂದ ಹೆಸರನ್ನು ಅಳಿಸಿ ಹೊಸದಾಗಿ ಟೈಪಿಸಿ ನೋಡಿದರೆ ಗೊತ್ತಾಗಿಬಿಡುತ್ತದೆ.

ಇಷ್ಟು ಕಷ್ಟಪಟ್ಟದ್ದಕ್ಕೆ ಸಿಗುವುದೇನು? ಹೆಸರುಗಳು ಅಕಾರಾದಿಯಲ್ಲಿ ಸರಿಯಾಗಿ ವಿಂಗಡವಾಗುತ್ತವೆ. ಜೊತೆಗೆ ವಿಬಿಎ ಕಿಟಕಿಯಲ್ಲಿ ಎಂದೂ ಆಗದಿದ್ದ ಒಂದು ಕೆಲಸವೂ ಆಗುತ್ತದೆ. ಆ ಕಿಟಕಿಯಲ್ಲಿ ಯುನಿಕೋಡ್ ಕನ್ನಡ ಅಂಟಿಸಿದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ. ಅದಕ್ಕಾಗಿ ಬಲ್ಲವರು ಅ ಬೇಕಾದಲ್ಲಿ 3205, ಆ ಬೇಕಾದಲ್ಲಿ 3206 ಎಂದು ಒಂದೊಂದು ಅಕ್ಷರವನ್ನೂ ಸಂಖ್ಯೆಯಲ್ಲಿ ಪೋಣಿಸುತ್ತಿದ್ದರು. ಲಿಬ್ರೆಆಫೀಸ್ ಬೇಸಿಕ್‌ನ ಕಿಟಕಿಯಲ್ಲಿ ‘ಪಾವತಿಯಾಗಿದೆ’ ಎಂದು ನೇರವಾಗಿ ಕನ್ನಡದಲ್ಲೇ ಬರೆಯಬಹುದು. ನನ್ನ ಮಟ್ಟಿಗೆ ಸ್ಥಳಾಂತರಕ್ಕೆ ಇದೊಂದೇ ಸಾಕಾದ ಕಾರಣ.

ಲೆಕ್ಕದ ಹಾಳೆ: ಹಾಗೇ ಓಡಿಸಿ ನೋಡಿ

ಎಕ್ಸೆಲ್ ಮ್ಯಾಕ್ರೊಗಳನ್ನು ಕೂಡಲೇ ಹೊಸದಾಗಿ ಬರೆಯಲು ಕೂರಬೇಡಿ. ಲಿಬ್ರೆಆಫೀಸ್ ಕ್ಯಾಲ್ಕ್ ವಿಬಿಎ ಕೋಡಿನ ಒಂದು ದೊಡ್ಡ ಭಾಗವನ್ನು ಹಾಗೆಯೇ ಓಡಿಸುತ್ತದೆ. ಟೂಲ್ಸ್, ಆಪ್ಶನ್ಸ್, ಲೋಡ್/ಸೇವ್, ವಿಬಿಎ ಪ್ರಾಪರ್ಟೀಸ್‌ಗೆ ಹೋದರೆ ಎಕ್ಸೆಲ್ ಹೆಸರಿನ ಕೆಳಗೆ ಲೋಡ್ ಬೇಸಿಕ್ ಕೋಡ್, ಎಕ್ಸಿಕ್ಯೂಟೆಬಲ್ ಕೋಡ್ ಎಂಬ ಚೌಕಗಳಿವೆ. ಎರಡಕ್ಕೂ ಗುರುತು ಇರಲಿ. ಆಗ ತೆರೆದ ಕಡತದ ಮಾಡ್ಯೂಲ್‌ನ ತಲೆಯಲ್ಲಿ ‘ಆಪ್ಶನ್ ವಿಬಿಎಸಪೋರ್ಟ್ 1’ ಎಂಬ ಸಾಲು ಕಾಣುತ್ತದೆ. ವಿಬಿಎ ರೀತಿಯಲ್ಲೇ ಅರ್ಥಮಾಡಿಕೋ ಎಂದು ಹೇಳುವ ಸಾಲು ಅದು, ಅಳಿಸಬೇಡಿ.

ಗುಂಡಿ ಒತ್ತಿದರೂ ಏನೂ ಆಗದಿದ್ದರೆ ತಪ್ಪು ಹೆಚ್ಚಾಗಿ ಕೋಡಿನದಲ್ಲ, ಭದ್ರತೆಯ ಮಟ್ಟದ್ದು. ಲಿಬ್ರೆಆಫೀಸ್ ಮೊದಲಿನಿಂದಲೇ ‘ಹೈ’ ಮಟ್ಟದಲ್ಲಿರುತ್ತದೆ, ಸಹಿ ಇಲ್ಲದ ಮ್ಯಾಕ್ರೊಗಳನ್ನು ಓಡಿಸುವುದಿಲ್ಲ. ಅದನ್ನು ‘ಲೋ’ಗೆ ಇಳಿಸುವುದು ಎಲ್ಲರೂ ಮಾಡುವ ಕೆಲಸ, ಮಾಡಬಾರದ ಕೆಲಸವೂ ಹೌದು. 1999ರ ಮೆಲಿಸ್ಸಾ ವೈರಸ್ ಹಬ್ಬಿದ್ದೇ ವರ್ಡ್ ಮ್ಯಾಕ್ರೊದಿಂದ. ಅಂತರ್ಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನೇ ತಡೆಯತೊಡಗಿತು. ಮಟ್ಟ ಇಳಿಸುವ ಬದಲು ಆಪ್ಶನ್ಸ್‌ನ ಸೆಕ್ಯುರಿಟಿ ಪುಟದಲ್ಲಿ ಮ್ಯಾಕ್ರೊ ಸೆಕ್ಯುರಿಟಿ ಒತ್ತಿ, ಅಲ್ಲಿನ ಟ್ರಸ್ಟೆಡ್ ಸೋರ್ಸಸ್‌ನಲ್ಲಿ ನಿಮ್ಮ ಲೆಕ್ಕದ ಫೋಲ್ಡರನ್ನು ಮಾತ್ರ ಸೇರಿಸಿ. ಅಲ್ಲಿರುವ ಕಡತ ಓಡುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಓಡುವುದಿಲ್ಲ.

ಕಬ್ಬಿನ ಲೆಕ್ಕದ ಒಂದು ಉದಾಹರಣೆ ನೋಡೋಣ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಕಬ್ಬು ಪಡೆದ 14 ದಿನದೊಳಗೆ ಹಣ ಕೊಡಬೇಕು, ತಡವಾದ ದಿನಗಳಿಗೆ ವರ್ಷಕ್ಕೆ ಶೇ. 15ರ ಬಡ್ಡಿ. ಹಂಗಾಮಿನಲ್ಲಿ ಇದನ್ನು ಲೆಕ್ಕ ಹಾಕುವ ಸಣ್ಣ ಮ್ಯಾಕ್ರೊ: ತೂಕದ ಚೀಟಿಯ ತಾರೀಖು ಕೇಳುತ್ತದೆ, ಇವತ್ತಿನ ತಾರೀಖನ್ನು ತಾನೇ ತೆಗೆದುಕೊಳ್ಳುತ್ತದೆ, 14 ಕಳೆಯುತ್ತದೆ, ಬಡ್ಡಿ ಹೇಳುತ್ತದೆ. 42 ಟನ್ ಕಬ್ಬು, ಟನ್ನಿಗೆ 3,300 ರೂಪಾಯಿ ಎಂದುಕೊಳ್ಳಿ, ಬಿಲ್ಲು 1,38,600. ಕಬ್ಬು ಹೋದದ್ದು 05/12/2024ರಂದು, ರೈತ ಬಂದು ಕೇಳಿದ್ದು 2025ರ ಜನವರಿ 18ರಂದು. ನಡುವೆ 44 ದಿನ, ತಡವಾದದ್ದು 30 ದಿನ, ಬಡ್ಡಿ 1,708 ರೂಪಾಯಿ 77 ಪೈಸೆ. ಇದೇ ಮ್ಯಾಕ್ರೊವನ್ನು ಅಮೆರಿಕದ ಇಂಗ್ಲಿಷ್ ಆಯ್ಕೆಯಲ್ಲಿರುವ ಲಿಬ್ರೆಆಫೀಸ್‌ನಲ್ಲಿ ಓಡಿಸಿದರೆ 05/12 ಎಂಬುದು ಮೇ 12 ಆಗಬಹುದು. ತಡವಾದದ್ದು 237 ದಿನ, ಬಡ್ಡಿ 13,499 ರೂಪಾಯಿ 26 ಪೈಸೆ! ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಸೆಲ್‌ನೊಳಗೆ ಆಗಲೇ ತಾರೀಖಾಗಿ ಕೂತಿರುವುದಕ್ಕೆ ಈ ಅಪಾಯವಿಲ್ಲ. ಕಿಟಕಿಯಲ್ಲಿ ಟೈಪಿಸಿಕೊಂಡ, ಅಥವಾ ಸಿಎಸ್‌ವಿ ಕಡತದಿಂದ ಬಂದ ತಾರೀಖಿಗೆ ಇದೆ. ಆದ್ದರಿಂದ ಮ್ಯಾಕ್ರೊ ಮುಟ್ಟುವ ಮೊದಲೇ ಆಪ್ಶನ್ಸ್‌ನ ಭಾಷೆಯ ಪುಟದಲ್ಲಿ ಲೊಕೇಲ್ ಎಂಬಲ್ಲಿ ಇಂಗ್ಲಿಷ್ (ಇಂಡಿಯಾ) ಎಂದು ಆರಿಸಿಬಿಡಿ.

ಪೈಸೆಯ ತಕರಾರು ಇನ್ನೊಂದು. ವಿಬಿಎಯ ರೌಂಡ್ 2.5ನ್ನು 2 ಮಾಡುತ್ತದೆ, ಎಕ್ಸೆಲ್ ಹಾಳೆಯ ರೌಂಡ್ ಸೂತ್ರ ಅದನ್ನೇ 3 ಮಾಡುತ್ತದೆ. ನೇಕಾರರ ವಾರದ ಮಜೂರಿ ಪಟ್ಟಿಯಲ್ಲಿ ಸಮಸಂಖ್ಯೆಯ ರೂಪಾಯಿಯ ಮೇಲೆ ಸರಿಯಾಗಿ 50 ಪೈಸೆ ಬಂದ ಕಡೆಯಲ್ಲೆಲ್ಲ ಒಂದು ರೂಪಾಯಿ ಆಚೀಚೆ. ಪೂರ್ಣಾಂಕ ಮಾಡುವ ಕೆಲಸವನ್ನು ಕೋಡಿನಿಂದ ತೆಗೆದು ಹಾಳೆಯ ಸೂತ್ರಕ್ಕೇ ಕೊಟ್ಟರೆ ಈ ಜಗಳ ಮುಗಿಯುತ್ತದೆ.

ತಿದ್ದಿದ ಮೇಲೆ ಕಡತವನ್ನು ಲಿಬ್ರೆಆಫೀಸ್‌ನ ಸ್ವಂತ ಓಡಿಎಸ್ ರೂಪದಲ್ಲೇ ಉಳಿಸಿ. ಮತ್ತೆ ಎಕ್ಸ್‌ಎಲ್‌ಎಸ್‌ಎಂ ಆಗಿ ಉಳಿಸಿದರೆ ಒಳಗೆ ಮೈಕ್ರೋಸಾಫ್ಟ್‌ನ ಮೂಲ ಕೋಡ್ ಉಳಿಯಬಹುದು. ನೀವು ಲಿಬ್ರೆಆಫೀಸ್‌ನಲ್ಲಿ ತಿದ್ದಿದ್ದು ಉಳಿಯುತ್ತದೆಂದು ನಂಬಿ ಕೂರಬೇಡಿ.

ವರ್ಡ್ ಮ್ಯಾಕ್ರೊ: ಹೊಸದಾಗಿ ಬರೆಯುವುದೇ ವಾಸಿ

ಎಕ್ಸೆಲ್‌ಗೆ ಸಿಗುವ ಆಸರೆ ವರ್ಡ್‌ಗಿಲ್ಲ. ವರ್ಡ್‌ನ ಕೋಡ್ ಕರ್ಸರ್ ಎಲ್ಲಿದೆ, ಏನನ್ನು ಆಯ್ದಿದೆ ಎಂಬುದರ ಸುತ್ತಲೇ ಸುತ್ತುತ್ತದೆ. ರೈಟರ್‌ನ ರೀತಿ ಬೇರೆ. ಅದೃಷ್ಟಕ್ಕೆ ಬರೆಯಬೇಕಾದದ್ದು ಕಡಿಮೆ. ಕೋಡಿನ ಪದಗಳನ್ನು ಇಲ್ಲಿ ಓದಲಿಕ್ಕೆಂದು ಕನ್ನಡದಲ್ಲಿ ಕೊಡುತ್ತಿದ್ದೇನೆ, ಟೈಪಿಸುವುದು ಇಂಗ್ಲಿಷ್‌ನಲ್ಲೇ. ತೆರೆದಿರುವ ಕಡತದ ಹೆಸರು ‘ದಿಸ್‌ಕಾಂಪೊನೆಂಟ್’. ಅದರಿಂದ ‘ಕ್ರಿಯೇಟ್‌ರಿಪ್ಲೇಸ್‌ಡಿಸ್ಕ್ರಿಪ್ಟರ್’ ಕರೆದು ಒಂದು ಹುಡುಕುಚೀಟಿ ಪಡೆಯುವುದು, ಅದರ ‘ಸರ್ಚ್‌ಸ್ಟ್ರಿಂಗ್’ನಲ್ಲಿ ಹಳೆಯ ಪದ, ‘ರಿಪ್ಲೇಸ್‌ಸ್ಟ್ರಿಂಗ್’ನಲ್ಲಿ ಹೊಸ ಪದ ಇಟ್ಟು, ‘ರಿಪ್ಲೇಸ್‌ಆಲ್’ಗೆ ಆ ಚೀಟಿ ಕೊಡುವುದು. ಇಷ್ಟೇ ಸಾಲುಗಳಲ್ಲಿ ಇಡೀ ಪತ್ರದ ಪದ ಬದಲಾಗುತ್ತದೆ.

ಹೊಸದಾಗಿ ಬರೆಯುವವರು ಕ್ಯಾಲ್ಕ್‌ನಲ್ಲಿ ಎಡವುವ ಜಾಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಿಬಿಎಯಲ್ಲಿ ಬಿ5 ಸೆಲ್ಲಿಗೆ ‘ಸೆಲ್ಸ್ (5, 2)’ ಎನ್ನುತ್ತೇವೆ: ಮೊದಲು ಸಾಲು, ಆಮೇಲೆ ಅಂಕಣ, ಎಣಿಕೆ ಒಂದರಿಂದ. ಲಿಬ್ರೆಆಫೀಸ್‌ನ ಸ್ವಂತ ಪದ್ಧತಿಯಲ್ಲಿ ಅದೇ ಸೆಲ್ ‘ಗೆಟ್‌ಸೆಲ್‌ಬೈಪೊಸಿಷನ್ (1, 4)’: ಮೊದಲು ಅಂಕಣ, ಆಮೇಲೆ ಸಾಲು, ಎಣಿಕೆ ಸೊನ್ನೆಯಿಂದ. ತಲೆ ಕೆಡಿಸಿಕೊಳ್ಳಲು ಇಷ್ಟವಿಲ್ಲದವರು ‘ಗೆಟ್‌ಸೆಲ್‌ರೇಂಜ್‌ಬೈನೇಮ್’ ಬಳಸಿ ನೇರವಾಗಿ ಬಿ5 ಎಂದೇ ಬರೆಯಲಿ.

ಕನ್ನಡದಂಥ ಲಿಪಿಯವರಿಗೆ ಎದುರಾಗುವ ಒಂದು ತೊಡಕು ಇಂಗ್ಲಿಷ್ ಕೈಪಿಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಲಿಬ್ರೆಆಫೀಸ್ ಪ್ರತಿ ಪಠ್ಯಕ್ಕೂ ಮೂರು ಫಾಂಟುಗಳನ್ನು ನೆನಪಿಟ್ಟುಕೊಳ್ಳುತ್ತದೆ: ಪಶ್ಚಿಮದ ಲಿಪಿಗೊಂದು, ಚೀನಾ-ಜಪಾನಿನ ಲಿಪಿಗೊಂದು, ‘ಕಾಂಪ್ಲೆಕ್ಸ್’ ಎಂದು ಕರೆಯುವ ನಮ್ಮಂಥ ಲಿಪಿಗಳಿಗೊಂದು. ಹಳೆಯ ನುಡಿ ಪಠ್ಯ ಯಂತ್ರದ ಕಣ್ಣಿಗೆ ಪಶ್ಚಿಮದ ಲಿಪಿ. ಯುನಿಕೋಡ್ ಆದ ಕ್ಷಣ ಅದು ಕಾಂಪ್ಲೆಕ್ಸ್‌ಗೆ ದಾಟುತ್ತದೆ. ಹೀಗಾಗಿ ಮ್ಯಾಕ್ರೊದಲ್ಲಿ ‘ಕ್ಯಾರ್‌ವೇಟ್’ ಬದಲಿಸಿದರೆ ಪತ್ರದಲ್ಲಿರುವ ಇಂಗ್ಲಿಷ್ ದಪ್ಪವಾಗುತ್ತದೆ, ಕನ್ನಡ ತೆಳ್ಳಗೇ ಉಳಿಯುತ್ತದೆ. ಕನ್ನಡಕ್ಕೆ ‘ಕ್ಯಾರ್‌ವೇಟ್‌ಕಾಂಪ್ಲೆಕ್ಸ್’, ಗಾತ್ರಕ್ಕೆ ‘ಕ್ಯಾರ್‌ಹೈಟ್‌ಕಾಂಪ್ಲೆಕ್ಸ್’, ಫಾಂಟಿಗೆ ‘ಕ್ಯಾರ್‌ಫಾಂಟ್‌ನೇಮ್‌ಕಾಂಪ್ಲೆಕ್ಸ್’ ಎಂದೇ ಬರೆಯಬೇಕು. ಎರಡೂ ಭಾಷೆ ಬೆರೆತ ಪತ್ರಕ್ಕೆ ಎರಡೂ ಸಾಲು ಬೇಕು. ಸ್ಟೈಲ್‌ಗಳಲ್ಲೂ ಇದೇ ನಿಯಮ, ಭಾಷೆಯ ಪುಟದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಗುರುತು ಹಾಕಿದ ಮೇಲೆ ಆ ಆಯ್ಕೆಗಳು ಕಾಣುತ್ತವೆ.

ವರ್ಡ್‌ನಲ್ಲಿ ರೆಕಾರ್ಡ್ ಗುಂಡಿ ಒತ್ತಿ ಮ್ಯಾಕ್ರೊ ಮಾಡಿಕೊಂಡವರು ಇಲ್ಲೂ ಅದನ್ನೇ ಹುಡುಕುತ್ತಾರೆ. ಆಪ್ಶನ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಅದನ್ನು ಚಾಲೂ ಮಾಡಬಹುದು, ಆದರೆ ಅದು ಬರೆಯುವ ಕೋಡ್ ಉದ್ದ, ತಿದ್ದಲು ಕಷ್ಟ. ನಾನಾದರೆ ಬಳಸುವುದಿಲ್ಲ.

ದಾಟದೇ ಉಳಿಯುವಂಥವು

ಕೆಲವು ಮ್ಯಾಕ್ರೊಗಳು ಸುಲಭಕ್ಕೆ ಬಗ್ಗವು. ವಿಂಡೋಸ್‌ನ ಒಳಗಿನ ಲೈಬ್ರರಿಗಳನ್ನು ಕರೆಯುವ ‘ಡಿಕ್ಲೇರ್’ ಸಾಲುಗಳು, ಔಟ್‌ಲುಕ್‌ನಿಂದ ಮೇಲ್ ಕಳಿಸುವವು, ಆ್ಯಕ್ಟಿವ್‌ಎಕ್ಸ್ ಗುಂಡಿಗಳು, ಆ್ಯಕ್ಸೆಸ್ ಡೇಟಾಬೇಸಿಗೆ ಕೈಹಾಕುವವು ಆ ಸಾಲಿಗೆ ಸೇರುತ್ತವೆ. ಯೂಸರ್‌ಫಾರ್ಮ್‌ಗಳು ಬಂದರೆ ಬರುತ್ತವೆ, ಗುಂಡಿಗಳ ಜಾಗ ಅದಲುಬದಲಾಗಿರುತ್ತದೆ. ವಿಂಡೋಸ್ ಬಿಟ್ಟು ಲಿನಕ್ಸ್‌ಗೇ ಹೋಗುವವರು ಸಿ ಡ್ರೈವ್, ಡಿ ಡ್ರೈವ್ ಎಂದು ದಾರಿ ಬರೆದ ಸಾಲುಗಳನ್ನೆಲ್ಲ ಹುಡುಕಿ, ಲಿನಕ್ಸ್‌ನ ದಾರಿ ಬರೆದು, ಅದನ್ನು ‘ಕನ್ವರ್ಟ್‌ಟುಯುಆರ್‌ಎಲ್’ ಮೂಲಕ ಹಾಯಿಸಬೇಕು.

ಪರೀಕ್ಷೆಗೆ ಒಂದು ಹಂಗಾಮು ಕಾಯಬೇಕಿಲ್ಲ. ಕಳೆದ ಸಲದ ಲೆಕ್ಕ ಮುಗಿದ ಕಡತವೊಂದನ್ನು ನಕಲು ಮಾಡಿ, ಫಲಿತಾಂಶದ ಅಂಕಣ ಅಳಿಸಿ, ಹೊಸದರಲ್ಲಿ ಮ್ಯಾಕ್ರೊ ಓಡಿಸಿ, ಹಳೆಯ ಅಂಕಣದ ಪಕ್ಕ ಇಟ್ಟು ಒಂದರಿಂದೊಂದು ಕಳೆಯಿರಿ. ಒಟ್ಟು ಮೊತ್ತ ಸರಿಬಂತೆಂದು ನಿಲ್ಲಿಸಬೇಡಿ, ಒಂದು ಸಾಲಿನ ಹೆಚ್ಚು ಇನ್ನೊಂದರ ಕಡಿಮೆಯನ್ನು ಮುಚ್ಚಿರಬಹುದು. ಪ್ರತಿ ಸಾಲಿನ ವ್ಯತ್ಯಾಸವೂ ಸೊನ್ನೆ ಬರಬೇಕು. ಹೊಸ ವರ್ಷದ ಲೆಕ್ಕ ಏಪ್ರಿಲ್ 1ಕ್ಕೆ ಶುರುವಾಗುವ ಸಂಘಗಳು ಮಾರ್ಚ್ ಕೊನೆಯ ಗಡಿಬಿಡಿಯಲ್ಲಿ ಇದಕ್ಕೆ ಕೈಹಾಕದೆ ಜನವರಿಯಲ್ಲೇ ಮಾಡಿ ಮುಗಿಸಲಿ. ದಾಟಲು ಒಪ್ಪದ ಒಂದೆರಡು ಕಡತಗಳಿಗಾಗಿ ಹಳೆಯ ಆಫೀಸ್ ಇರುವ ಒಂದು ಕಂಪ್ಯೂಟರನ್ನು ಇಂಟರ್‌ನೆಟ್ ತಂತಿ ಕಿತ್ತು ಮೂಲೆಯಲ್ಲಿ ಇಟ್ಟುಕೊಂಡರೆ ಯಾರೂ ಬೇಡ ಎನ್ನುವುದಿಲ್ಲ. ಅದಕ್ಕೆ ಹಾಕುವ ಪೆನ್‌ಡ್ರೈವನ್ನು ಬೇರೆ ಎಲ್ಲಿಯೂ ಹಾಕದಿದ್ದರೆ ಆಯಿತು.